ಲಾ ರಿಸರ್ವ್: ನಂದಿ ಬೆಟ್ಟದ ಕಡೆಯ ಕೆಂಪು ವೈನ್

ನಮ್ಮದು ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ಮನೆ. ಹಾಗಾಗಿ ಗ್ರೋವರ್ ಝಂಪಾ ವೈನ್ ಕಂಪನಿಯ ಲಾ ರಿಸರ್ವ್ ಕುಡಿಯುವಾಗ ನನ್ನ ತಲೆಯಲ್ಲಿ ಓಡುವುದು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಲೆಕ್ಕ.

ಫ್ರಾನ್ಸ್‌ನ ಬೋರ್ಡೋದಲ್ಲಿ ಚಳಿಗಾಲ ಬಂದರೆ ಬಳ್ಳಿ ಮಲಗುತ್ತದೆ. ನಂದಿಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಸುಮ್ನೆ ಬಿಟ್ಟರೆ ಮಳೆಗಾಲದಲ್ಲೇ ಹಣ್ಣು ಬಿಟ್ಟು ಕೊಳೆಯುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ. ಬೇಸಿಗೆಯದ್ದು ಹೊಸ ಕಡ್ಡಿಗೆ, ಮಳೆ ಇಳಿಯುವ ಹೊತ್ತಿನದ್ದು ಗೊನೆಗೆ. ಹಣ್ಣು ಮಾಗುವುದು ಒಣ ಹವೆಯ ಫೆಬ್ರವರಿ, ಮಾರ್ಚ್ ಸುಮಾರಿಗೆ. ಹಗಲು ಬಿಸಿಲು, ರಾತ್ರಿ ತಂಪು. ಆ ತಂಪಿಲ್ಲದಿದ್ದರೆ ಹುಳಿ ಬೇಗ ಕರಗಿ ಸಿಹಿಯಷ್ಟೇ ಉಳಿಯುತ್ತಿತ್ತು. ಈ ವೈನ್‌ನಲ್ಲಿ ನನಗೆ ಇಷ್ಟವಾಗುವುದು ಆ ಹುಳಿಯೇ. ಇನ್ನೊಂದು ಗುಟುಕು ಬೇಕು ಅನ್ನಿಸುವುದು ಅದರಿಂದ.

ಇದರಲ್ಲಿರುವುದು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಝ್ ಅನ್ನುವ ಎರಡು ದ್ರಾಕ್ಷಿ ತಳಿ. ಬಿಗಿ, ಒಗರು ಕ್ಯಾಬರ್ನೆಯದ್ದು. ಕಪ್ಪು ಹಣ್ಣಿನ ರುಚಿ, ಮೆಣಸಿನ ಘಾಟು ಶಿರಾಝ್‌ದು. ಸಿಪ್ಪೆ ಎಷ್ಟು ದಿನ ರಸದಲ್ಲಿ ನೆನೆಯುತ್ತದೋ ಅದರ ಮೇಲೆ ಬಣ್ಣ, ಒಗರು ಎರಡೂ ನಿಂತಿವೆ. ಇಲ್ಲಿ ಕೈ ತಡೆದಿದ್ದಾರೆ, ನಾಲಿಗೆ ಒಣಗುವಷ್ಟು ಒಗರಿಲ್ಲ. ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಲ್ಲೇ ಇವರಿಗೆ ಸಲಹೆ ಕೊಡಲು ಬಂದವರು. ಮೆತ್ತಗಿನ, ಹಣ್ಣು ತುಂಬಿದ ವೈನ್ ಅಂದರೆ ಅವರಿಗೆ ಪ್ರೀತಿ, ಅದು ಗೊತ್ತಾಗುತ್ತದೆ. ಆಮೇಲೆ ವೈನ್ ಮಾಗುವುದು ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ. ವೆನಿಲ್ಲಾ, ಸುಟ್ಟ ಮರದ ವಾಸನೆ ಅಲ್ಲಿಂದಲೇ. ನನ್ನ ಮೂಗಿಗೆ ಇದು ಒಂದು ಚೂರು ಜಾಸ್ತಿ. ಗ್ಲಾಸಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಮರ ಹಿಂದೆ ಸರಿದು ಹಣ್ಣು ಮುಂದೆ ಬರುತ್ತದೆ.

ಕೊಳ್ಳುವಾಗ ಅಂಗಡಿ ನೋಡಿ. ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ವೈನ್ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಪಕ್ಕ ನಿಲ್ಲಿಸಿರುತ್ತಾರೆ. ತೋಟದಲ್ಲಿ ಅಷ್ಟು ಒದ್ದಾಡಿ ಉಳಿಸಿದ ರುಚಿ ಅಲ್ಲಿ ಬೇಯುತ್ತದೆ, ಅಲ್ವಾ? ಇನ್ನು, ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ಕೋಣೆಗಳ ಮಾತು. ನಮ್ಮ ಏಪ್ರಿಲ್‌ನಲ್ಲಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, 16-18 ಡಿಗ್ರಿಗೆ ಇಳಿದರೆ ಸಾಕು.

ಕೊತ್ತಂಬರಿ ಮಸಾಲೆಯ ಮಟನ್ ಚಾಪ್ಸ್ ಜೊತೆ ಚೆನ್ನಾಗಿ ಹೊಂದುತ್ತದೆ. ಖಾರದ ಕೋಳಿ ಸಾರು ಬೇಡ, ಒಗರು ಸೇರಿ ಬಾಯಿ ಇನ್ನಷ್ಟು ಉರಿಯುತ್ತದೆ. ಅದಕ್ಕೆ ಬಿಯರೇ ವಾಸಿ.