ಒಂದೇ ಸೂಟು, ಮೂರು ಊರು: ಸೌತ್‌ಪಾಯಿಂಟಾ, ಸೌತ್‌ಪಾರ್ಕಾ, ಫಿಪ್ಸಾ?

ಅಮೆರಿಕದ ದಕ್ಷಿಣದ ಊರುಗಳಲ್ಲಿ ನೆಲೆಸಿರುವ ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ವೀಸಾ, ಶಾಲೆ, ಮನೆ ಬೆಲೆ ಎಲ್ಲ ಮುಗಿದ ಮೇಲೆ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ: ಯಾರ ಊರು ದೊಡ್ಡದು? ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನವರು ‘ನಮ್ಮಲ್ಲಿ ನೀಮನ್ ಮಾರ್ಕಸ್ ಇದೆ’ ಎಂದು ದುಬಾರಿ ಬಟ್ಟೆ ಅಂಗಡಿಯೊಂದರ ಹೆಸರು ಹೇಳುತ್ತಾರೆ. ಅಟ್ಲಾಂಟಾದವರು ನಕ್ಕು ಸುಮ್ಮನಾಗುತ್ತಾರೆ. ಅದೇ ರಾಜ್ಯದಲ್ಲಿ ರಾಲಿ ಪಕ್ಕದ ಕ್ಯಾರಿಯವರು ನಾವು ವೆಗ್‌ಮನ್ಸ್ ಹೆಸರೆತ್ತುತ್ತೇವೆ, ಅದು ದಿನಸಿ ಅಂಗಡಿ ಕಣಯ್ಯಾ ಎಂದು ಯಾರಾದರೂ ನೆನಪಿಸುವವರೆಗೆ.

ಭಾವಮೈದುನನ ಆರತಕ್ಷತೆಗೆ ನನಗೊಂದು ಒಳ್ಳೆಯ ಸೂಟು ಬೇಕಾದಾಗ ಈ ಜಗಳವನ್ನು ಮೈಮೇಲೇ ಹಾಕಿಕೊಂಡು ನೋಡೋಣ ಅನ್ನಿಸಿತು. ನಾರ್ಡ್‌ಸ್ಟ್ರಾಮ್ ಅನ್ನುವ ದುಬಾರಿ ಬಟ್ಟೆ ಅಂಗಡಿ ಮೂರೂ ಕಡೆಯ ಮಾಲುಗಳಲ್ಲಿ ಇದೆ: ಡರಮ್‌ನ ಸೌತ್‌ಪಾಯಿಂಟ್, ಶಾರ್ಲಟ್‌ನ ಸೌತ್‌ಪಾರ್ಕ್, ಅಟ್ಲಾಂಟಾದ ಫಿಪ್ಸ್ ಪ್ಲಾಜಾ. ಕಂಪನಿ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ; ಹಾಗಾಗಿ ಬೇರೆಯಾಗಿ ಕಾಣುವುದು ಊರು ಮಾತ್ರ. ಆಫೀಸಿನ ಕೆಲಸಕ್ಕೆ ಶಾರ್ಲಟ್‌ಗೆ, ನೆಂಟರ ಮನೆಗೆ ಅಟ್ಲಾಂಟಾಕ್ಕೆ ಹೋಗುವುದು ಹೇಗೂ ಇದ್ದೇ ಇತ್ತು.

ಮೊದಲು ಮನೆ ಹತ್ತಿರದ್ದು. ಸೌತ್‌ಪಾಯಿಂಟ್ ತೆರೆದದ್ದು 2002ರಲ್ಲಿ. ಅರ್ಧ ಒಳಾಂಗಣ, ಅರ್ಧ ಬಯಲು ಬೀದಿ. ಇಟ್ಟಿಗೆ ಗೋಡೆಗಳು ಡರಮ್‌ನ ಹಳೆಯ ತಂಬಾಕು ಕಾರ್ಖಾನೆಗಳನ್ನು ನೆನಪಿಸುವ ಹಾಗೆ ಕಟ್ಟಿದ್ದಾರೆ. ಶಾರ್ಲಟ್‌ನವರಿಗೆ ಹೇಳಿದರೆ ಮುಖ ಸಣ್ಣದಾಗುವ ಸಂಗತಿಯೊಂದಿದೆ: ನಾರ್ತ್ ಕ್ಯಾರೊಲಿನಾಕ್ಕೆ ನಾರ್ಡ್‌ಸ್ಟ್ರಾಮ್ ಮೊದಲು ಬಂದದ್ದು ಬ್ಯಾಂಕುಗಳ ಊರಿಗಲ್ಲ, ಸಿಗರೇಟಿನ ಊರಿಗೆ. ಶಾರ್ಲಟ್‌ಗೆ ಅದು ಸಿಕ್ಕಿದ್ದು 2004ರಲ್ಲಿ. ಹೊಸ ಮಾಲ್ ತೆರೆದ ವರ್ಷವೇ ಡರಮ್‌ನ ಹಳೆಯ ಸೌತ್ ಸ್ಕ್ವೇರ್ ಮಾಲ್ ಬಾಗಿಲು ಹಾಕಿತು ಅನ್ನುವುದನ್ನೂ ಹೇಳಬೇಕು.

ಇಲ್ಲಿ ಗಿರಾಕಿಗಳು ಶಾರ್ಟ್ಸ್, ಯೂನಿವರ್ಸಿಟಿ ಟೀಶರ್ಟ್ ಹಾಕಿಕೊಂಡೇ ಬರುತ್ತಾರೆ. ಸೂಟು ತೋರಿಸಿದ ಹುಡುಗ ಮೊದಲು ಕೇಳಿದ್ದು, ‘ಇಂಟರ್‌ವ್ಯೂಗಾ, ಮದುವೆಗಾ?’ ಮದುವೆಗೆ ಅಂದೆ. ‘ಇಂಡಿಯನ್ ಮದುವೆಯಾ? ಹಾಗಾದರೆ ಕೂತು ಊಟ ಮಾಡುವ ಹಾಗಿರಲಿ’ ಎಂದು ಸೊಂಟದಲ್ಲಿ ಒಂದಿಷ್ಟು ಜಾಗ ಬಿಟ್ಟು ಪಿನ್ ಹಾಕಿದ. ನಮ್ಮವರು ಹೆಚ್ಚಿರುವ ಕ್ಯಾರಿ, ಮಾರಿಸ್‌ವಿಲ್ ಅಕ್ಕಪಕ್ಕ ಇರುವ ಅಂಗಡಿಯವನಿಗೆ ನಮ್ಮ ಊಟದ ಅಂದಾಜು ಇಲ್ಲದೆ ಇರುತ್ತದೆಯೇ?

ರಾಲಿ ಕಡೆಯವರಿಗೆ ಅಂಗಡಿಗಳ ವಿಷಯದಲ್ಲಿ ಒಂದು ಹಳೆಯ ಕೊರಗಿದೆ. ಊರಿನ ಉತ್ತರಕ್ಕೆ ಟ್ರಯಾಂಗಲ್ ಟೌನ್ ಸೆಂಟರ್ ತೆರೆದಾಗ ಸ್ಯಾಕ್ಸ್ ಫಿಫ್ತ್ ಅವೆನ್ಯೂ ಎಂಬ ದುಬಾರಿ ಅಂಗಡಿ ಬಂದಿತ್ತು, ಆಮೇಲೆ ಹೊರಟುಹೋಯಿತು. ಕ್ಯಾರಿ ಟೌನ್ ಸೆಂಟರ್ ಜಾಗದಲ್ಲಿ ಐಕಿಯಾ ಬರುತ್ತದೆಂದು ಊರೆಲ್ಲ ಕುಣಿದಾಡಿತು. 2018ರಲ್ಲಿ ಅವರು ಕೈಕೊಟ್ಟರು. ಆ ಜಾಗವನ್ನು 2021ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ 95 ಮಿಲಿಯನ್ ಡಾಲರಿಗೆ ಕೊಂಡಿತು. ಅಂಗಡಿ ಹೋದರೂ ಜನ ಬರುವುದು ನಿಂತಿತೇ? 2020ರ ಜನಗಣತಿಯಲ್ಲಿ ರಾಲಿ-ಕ್ಯಾರಿ ಮಹಾನಗರ ವಲಯ 14 ಲಕ್ಷ ದಾಟಿತ್ತು. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 87 ಅಡಿಯ ರಾಜಗೋಪುರ ಎದ್ದದ್ದೂ ಈ ಅವಧಿಯಲ್ಲೇ, 2022ರಲ್ಲಿ. ಆದರೂ ಸ್ಯಾಕ್ಸ್ ಹೋಯಿತಲ್ಲ ಎಂದು ಹಲುಬುವವರು ಇದ್ದಾರೆ. ಅವರಲ್ಲಿ ಎಷ್ಟು ಜನ ಅಲ್ಲಿ ಒಂದು ಟೈ ಆದರೂ ಕೊಂಡಿದ್ದರೋ!

ಶಾರ್ಲಟ್‌ಗೆ ಎರಡೂವರೆ ಗಂಟೆ ದಾರಿ. ನಡುವೆ ಗ್ರೀನ್ಸ್‌ಬರೊ ಸಿಗುತ್ತದೆ. ಈ ರಾಜ್ಯದಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಅಂಗಡಿ ಅಂತ ಒಂದಿದ್ದರೆ ಅದು ಈ ಊರಿನ ವೂಲ್‌ವರ್ತ್, ಚಿಲ್ಲರೆ ಸಾಮಾನಿನ ಅಂಗಡಿ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತರು, ಏಳಲಿಲ್ಲ. ಈಗ ಅದು ಮ್ಯೂಸಿಯಂ. ಅದೇ ವರ್ಷ ಅಕ್ಟೋಬರಿನಲ್ಲಿ ಅಟ್ಲಾಂಟಾದ ಪ್ರತಿಷ್ಠಿತ ರಿಚ್ಸ್ ಅಂಗಡಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಂಧನವಾಯಿತು. ‘ಯಾವ ಅಂಗಡಿ ಇದೆ’ ಅನ್ನುವುದಕ್ಕಿಂತ ‘ಅಲ್ಲಿ ಯಾರನ್ನು ಕೂರಿಸುತ್ತಾರೆ’ ಅನ್ನುವುದರ ಮೇಲೆ ಊರಿನ ಹೆಸರು ನಿಂತಿದ್ದ ಕಾಲ ತೀರಾ ಹಿಂದಿನದಲ್ಲ.

ಸೌತ್‌ಪಾರ್ಕ್ ಇರುವ ಜಾಗ ಒಂದು ಕಾಲಕ್ಕೆ ಗವರ್ನರ್ ಕ್ಯಾಮರನ್ ಮಾರಿಸನ್ ಅವರ ಜಮೀನು. ಬೆಲ್ಕ್ ಮತ್ತು ಐವಿ ಕುಟುಂಬಗಳು ಕೂಡಿ 1970ರಲ್ಲಿ ಅಲ್ಲಿ ಮಾಲ್ ತೆರೆದವು. ಆಗಿನ್ನೂ ಎರಡಕ್ಕೂ ಪೇಟೆ ನಡುವೆ ದೊಡ್ಡ ಅಂಗಡಿಗಳಿದ್ದವು. ದುಡ್ಡಿದ್ದವರು ತೆಂಕಣಕ್ಕೆ ಸರಿದರು, ಅಂಗಡಿಗಳೂ ಹಿಂದೆಯೇ ಹೋದವು. ಪೇಟೆಯಲ್ಲಿ ಬೆಲ್ಕ್ ಇದ್ದ ಕಡೆ ಈಗ ಬ್ಯಾಂಕ್ ಆಫ್ ಅಮೆರಿಕದ 60 ಅಂತಸ್ತಿನ ಗೋಪುರ. ಇಡೀ ಶಾರ್ಲಟ್ ಕಥೆಯನ್ನು ಆ ಒಂದು ಮೂಲೆಯಲ್ಲಿ ನಿಂತು ಹೇಳಬಹುದು. ಬಾಸ್ಕೆಟ್‌ಬಾಲ್ ತಂಡ ಬಂತು, ಫುಟ್‌ಬಾಲ್ ತಂಡ ಬಂತು, 2004ರಲ್ಲಿ ನಾರ್ಡ್‌ಸ್ಟ್ರಾಮ್, 2006ರಲ್ಲಿ ನೀಮನ್ ಮಾರ್ಕಸ್. ಒಂದೊಂದು ಬಂದಾಗಲೂ ‘ಈಗ ನಾವು ವರ್ಲ್ಡ್ ಕ್ಲಾಸ್’ ಅಂದುಕೊಂಡ ಊರು ಇದು. ಪಾಸಾದ ಮೇಲೂ ಮಾರ್ಕ್ಸ್ ಕಾರ್ಡ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಹುಡುಗನ ಥರ.

ಅಂಗಡಿಯೊಳಗೆ ಮಾತ್ರ ಕೊಂಕು ತೆಗೆಯುವುದಕ್ಕೆ ಏನೂ ಇಲ್ಲ. ಬ್ಯಾಂಕಿನವರಿಗೆ ಸೂಟು ಹೊಲಿದು ಹೊಲಿದು ಕೈ ಪಳಗಿದೆ. ನನಗೆ ಅಳತೆ ತೆಗೆದದ್ದು ವಯಸ್ಸಾದ ಹೆಂಗಸು, ಬಾಯಲ್ಲಿ ಗುಂಡುಪಿನ್ನು. ಕೋಟು ಹಾಕಿಸಿ, ‘ಕೈ ಇಳಿಬಿಡಿ, ಎದೆ ಉಬ್ಬಿಸಬೇಡಿ’ ಅಂದರು. ನನ್ನ ಬಲ ಭುಜ ಎಡದ್ದಕ್ಕಿಂತ ಕೆಳಗಿದೆ ಎಂದು ಕಂಡುಹಿಡಿದು, ಕತ್ತಿನ ಪಟ್ಟಿಯ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಅಲ್ಲಿ ನೆರಿಗೆ ಬೀಳುವುದನ್ನು ಕನ್ನಡಿಯಲ್ಲಿ ತೋರಿಸಿದರು. ಇಷ್ಟು ವರ್ಷ ಲ್ಯಾಪ್‌ಟಾಪ್ ಬ್ಯಾಗು ಹೊತ್ತ ಭುಜ ಅದು. ಬಟ್ಟೆ ಆರಿಸುವುದಕ್ಕೂ ಮೂರರಲ್ಲಿ ಇಲ್ಲಿಯೇ ನನಗೆ ಹೆಚ್ಚು ಹಿಡಿಸಿತು: ನೇವಿ ಬಣ್ಣದಲ್ಲೇ ಕಣ್ಣು ಗುರುತಿಸಲಾರದಷ್ಟು ಬಗೆ.

ಹೋಗಿ ಬರುವುದೇ ಕಷ್ಟ. ಶಾರ್ಲಟ್‌ನ ಬ್ಲೂ ಲೈನ್ ರೈಲು ಈ ಕಡೆ ಬರುವುದಿಲ್ಲ. ಕಾರಿಲ್ಲದವರಿಗೆ ಸೌತ್‌ಪಾರ್ಕ್ ದೂರವೇ. ಇನ್ನೊಂದು ವಿಷಯ ಮಾಲಿನ ನಕಾಶೆಯಲ್ಲಿ ಕಾಣುವುದಿಲ್ಲ. 2014ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು ಬಡ ಮನೆಯ ಮಗು ದೊಡ್ಡದಾಗಿ ಮೇಲೇರುವ ಸಾಧ್ಯತೆಯನ್ನು ಅಳೆದಾಗ, ದೇಶದ 50 ದೊಡ್ಡ ನಗರಗಳಲ್ಲಿ ಶಾರ್ಲಟ್‌ಗೆ ಸಿಕ್ಕಿದ್ದು 50ನೇ ಸ್ಥಾನ. ನೀಮನ್ ಮಾರ್ಕಸ್ ಬಂದು ಆಗಲೇ ಎಂಟು ವರ್ಷವಾಗಿತ್ತು. ಆಮೇಲೆ ಕೊಂಚ ಮೇಲೆ ಬಂದಿದೆ ನಿಜ, ಆದರೆ ಆ 50 ಎನ್ನುವ ಅಂಕಿ ಊರಿನವರಿಗೆ ಇಂದಿಗೂ ಚುಚ್ಚುತ್ತದೆ. ದುಬಾರಿ ಅಂಗಡಿ ಬರುವುದು ಒಂದು ಬಡಾವಣೆಯ ಆದಾಯ ನೋಡಿ. ಪ್ರಮಾಣಪತ್ರವನ್ನು ಮಾತ್ರ ಇಡೀ ಊರು ತನ್ನದೆಂದು ಗೋಡೆಗೆ ನೇತುಹಾಕುತ್ತದೆ.

ಅಟ್ಲಾಂಟಾದ ಲೆಕ್ಕವೇ ಬೇರೆ. ಸುತ್ತಮುತ್ತ 60 ಲಕ್ಷ ಜನ. ನಗರದೊಳಗಿನ ಸಿರಿವಂತರ ಬಡಾವಣೆ ಬಕ್‌ಹೆಡ್‌ನಲ್ಲಿ 1959ರ ಲೆನಾಕ್ಸ್ ಸ್ಕ್ವೇರ್, 1969ರ ಫಿಪ್ಸ್ ಪ್ಲಾಜಾ ಎಂಬ ಎರಡು ಮಾಲುಗಳು ಹೆಚ್ಚುಕಡಿಮೆ ಎದುರುಬದುರು, ಮಾಲೀಕರು ಒಬ್ಬರೇ. ಮಾರ್ಟಾ ರೈಲಿನಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು. ಉಳಿದೆರಡು ಕಡೆ ಈ ಭಾಗ್ಯವಿಲ್ಲ. ಫಿಪ್ಸ್‌ನಲ್ಲಿ ಬೆಲ್ಕ್ ಕೆಡವಿದ ಜಾಗದಲ್ಲಿ ನೋಬು ಹೋಟೆಲ್ ಎದ್ದಿದೆ. ಗುಚ್ಚಿ, ಟಿಫನಿ ಇರುವ ಕಟ್ಟಡದಲ್ಲೇ ಮಕ್ಕಳ ಲೆಗೊಲ್ಯಾಂಡ್ ಕೂಡ ಇದೆ. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದದ್ದರಿಂದಲೇ ನನಗೆ ನೆಮ್ಮದಿಯಾಗಿ ಕೋಟು ಹಾಕಿ ನೋಡುವುದಕ್ಕೆ ಆಯಿತು. ಜರತಾರಿ ಹೊಳಪಿನ ಜಾಕೆಟ್, ವೆಲ್ವೆಟ್ ಎಲ್ಲ ಕಣ್ಣಿಗೆ ಬಿದ್ದದ್ದು ಇಲ್ಲೇ. ಸಿನಿಮಾ, ಸಂಗೀತದವರ ಊರು, ಬೇಡಿಕೆ ಇರಬೇಕು.

ಹೆಸರಿನ ಭಾರವೂ ಇಲ್ಲೇ ಜಾಸ್ತಿ. ಗುಂಡು ಹಾರಿದ ಘಟನೆಗಳಾದ ಮೇಲೆ ಲೆನಾಕ್ಸ್‌ಗೆ ಮೆಟಲ್ ಡಿಟೆಕ್ಟರ್ ಬಂತು. 18 ತುಂಬದವರು ಮಧ್ಯಾಹ್ನ 3ರ ಮೇಲೆ ದೊಡ್ಡವರಿಲ್ಲದೆ ಇರುವಂತಿಲ್ಲ ಎಂಬ ನಿಯಮವೂ ಬಂತು. ಅಪರಾಧದ ಮಾತೆತ್ತಿ ಬಕ್‌ಹೆಡ್ ಬೇರೆ ನಗರವಾಗಲಿ ಎಂದು ಹೊರಟವರ ಮಸೂದೆಯನ್ನು 2023ರ ಮಾರ್ಚಿನಲ್ಲಿ ಜಾರ್ಜಿಯಾ ಸೆನೆಟ್ 33-23ರಿಂದ ಬೀಳಿಸಿತು. ಅಂಗಡಿಗಳಿರುವ ಬಡಾವಣೆಯೇ ಊರನ್ನು ಬಿಟ್ಟು ಹೊರಡಲು ನೋಡಿದ್ದು ನನಗೆ ಈಗಲೂ ಸೋಜಿಗ.

ಹೋದ ಊರುಗಳಲ್ಲೊಂದರಲ್ಲಿ ಒಂದು ಗಡಿಯಾರದ ಅಂಗಡಿಗೂ ನುಗ್ಗಿದ್ದೆ, ಹೆಸರು ಬೇಡ. ಬಾಗಿಲಲ್ಲಿದ್ದವನು ನನ್ನ ಬೂಟು ನೋಡಿ, ಆಮೇಲೆ ಮುಖ ನೋಡಿ, ‘ಅಪಾಯಿಂಟ್‌ಮೆಂಟ್ ಇದೆಯೇ?’ ಅಂದ. ನನ್ನ ಹಿಂದೆ ಬಂದ ಗಂಡ-ಹೆಂಡತಿಯನ್ನು ಕೇಳಲಿಲ್ಲ.

ನ್ಯಾಶ್‌ವಿಲ್ ಬಗ್ಗೆ ಕೇಳುವವರಿಗೆ: ಅಲ್ಲಿನ ಗ್ರೀನ್ ಹಿಲ್ಸ್ ಮಾಲಿಗೆ ಟೆನೆಸಿಯ ಮೊದಲ ನಾರ್ಡ್‌ಸ್ಟ್ರಾಮ್ ಬಂದದ್ದು 2011ರಲ್ಲಿ. ಒಂದು ಸಂಜೆ ಸುತ್ತಿದ್ದೇನಷ್ಟೆ, ಸೂಟು ಹಾಕಿ ನೋಡಿಲ್ಲ. ಹಾಗಾಗಿ ಈ ಪಂದ್ಯದಲ್ಲಿ ಅದಿಲ್ಲ.

ಕೊನೆಗೆ ಕೊಂಡದ್ದು ಡರಮ್‌ನಲ್ಲಿ. ಕೈಚಳಕಕ್ಕೆ ಶಾರ್ಲಟ್‌ಗೇ ನನ್ನ ಓಟು, ಆದರೆ ಆಲ್ಟರೇಶನ್‌ಗೆ ಕೊಟ್ಟ ಮೇಲೆ ಮತ್ತೆ ಹೋಗಿ ಹಾಕಿ ನೋಡಿ ತರಬೇಕಲ್ಲ. ಅದಕ್ಕೆ ಐದು ಗಂಟೆ ಡ್ರೈವ್ ಯಾರು ಮಾಡುತ್ತಾರೆ? ಸೌತ್‌ಪಾರ್ಕ್‌ನ ಅಮ್ಮ ತೋರಿಸಿದ ಭುಜದ ವಿಷಯವನ್ನು ಡರಮ್‌ನ ಹುಡುಗನಿಗೆ ಹೇಳಿದೆ, ಅವನು ಅದನ್ನೂ ಸರಿಮಾಡಿಸಿಕೊಟ್ಟ. ಸೇಲ್ಸ್ ಟ್ಯಾಕ್ಸ್ ಡರಮ್‌ನಲ್ಲಿ 7.5%, ಅಟ್ಲಾಂಟಾ ನಗರದಲ್ಲಿ 8.9%, 800 ಡಾಲರಿನ ಸೂಟಿಗೆ ಹನ್ನೊಂದು ಡಾಲರ್ ಉಳಿತಾಯ, ಒಂದು ಮಸಾಲೆ ದೋಸೆಗೆ ಆಗುವಷ್ಟು. ದಿನಾ ಸೂಟು ಹಾಕುವ ಕೆಲಸದವರು, ಮೈಕಟ್ಟಿಗೆ ರೆಡಿಮೇಡ್ ಹೊಂದದವರು ಸೌತ್‌ಪಾರ್ಕ್‌ಗೆ ಹೋಗಿ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ, ಕೊಳ್ಳುವ ಉದ್ದೇಶವಿಲ್ಲದೆ ಸುತ್ತಿ ನೋಡುವುದಿದ್ದರೆ ಫಿಪ್ಸ್. ಡಿಸೆಂಬರಿನ ಶನಿವಾರ ಮಾತ್ರ ಬೇಡ, ಕಾರು ನಿಲ್ಲಿಸುವುದಕ್ಕೇ ಅರ್ಧ ದಿನ ಹೋಗುತ್ತದೆ.