ಶಿವರಾತ್ರಿ ಹೊತ್ತಿನ ಬಿಸಿಗಾಳಿಗೆ ವಾರದ ಮುನ್ಸೂಚನೆ: ಕರಾವಳಿಯವರು ಮೊದಲು ಗಾಳಿಯ ಸಾಲು ಓದಬೇಕು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬ ಮಾತಿದೆ. 2025ರಲ್ಲಿ ಶಿವರಾತ್ರಿ ಬಂದದ್ದು ಫೆಬ್ರವರಿ 26ಕ್ಕೆ. ಅದೇ ವಾರ ಭಾರತೀಯ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಇಷ್ಟು ಬೇಗ ಬರುವ ಸೆಕೆಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರಿಗೆ ಇಲಾಖೆಯ ವಾರದ ಮುನ್ಸೂಚನೆ ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ. ಮೊದಲೇ ಹೇಳುವುದಾದರೆ, ಆರಂಭದ ಮೂರು ದಿನಗಳ ಮಟ್ಟಿಗೆ ಇದು ನಂಬಬಹುದಾದ, ಪುಕ್ಕಟೆಯಾಗಿ ಸಿಗುವ ಒಳ್ಳೆಯ ಸೇವೆ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಆದರೆ ಹೆಚ್ಚಿನವರು ನೋಡುವುದು ಗರಿಷ್ಠ ತಾಪಮಾನವನ್ನು ಮಾತ್ರ. ನಮ್ಮ ಕರಾವಳಿಯಲ್ಲಿ ಆ ಸಂಖ್ಯೆಯನ್ನು ತೀರ್ಮಾನಿಸುವುದು ಗಾಳಿ.

ಸೇವೆ ಮೂರು ರೂಪದಲ್ಲಿ ಸಿಗುತ್ತದೆ. ‘ಮೌಸಮ್’ ಆ್ಯಪ್‌ನಲ್ಲಿ ಊರುವಾರು ಏಳು ದಿನಗಳ ಮುನ್ಸೂಚನೆ ಇರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ತಾಲ್ಲೂಕು ಮಟ್ಟದ ಐದು ದಿನಗಳ ಅಂಕಿಗಳೂ ಕನ್ನಡದಲ್ಲಿ ಬೆಳೆ ಸಲಹೆಯೂ ಇರುತ್ತವೆ. ಆ ಸಲಹೆ ಬರುವ ಕೃಷಿ ಹವಾಮಾನ ಬುಲೆಟಿನ್ ಮಂಗಳವಾರ ಮತ್ತು ಶುಕ್ರವಾರ ಹೊಸದಾಗುತ್ತದೆ. ಮೂರನೆಯದು ಗುರುವಾರ ಹೊರಡುವ ವಿಸ್ತೃತ ಮುನ್ಸೂಚನೆ. ಅದು ಮುಂದಿನ ವಾರಗಳ ಒಲವನ್ನಷ್ಟೇ ಹೇಳುತ್ತದೆ, ನಿರ್ದಿಷ್ಟ ದಿನದ ಲೆಕ್ಕ ಅದರಲ್ಲಿ ಹುಡುಕಬಾರದು. ತೋಟ, ಮೀನು, ಕಟ್ಟಡ ಕೆಲಸ ಇರುವವರಿಗೆ ಮೂರರಲ್ಲಿ ಮೇಘದೂತ್ ಹೆಚ್ಚು ಉಪಯುಕ್ತ. ಬೆಳಗಿನ ಮತ್ತು ಮಧ್ಯಾಹ್ನದ ಆರ್ದ್ರತೆ, ಗಾಳಿಯ ವೇಗ, ಗಾಳಿಯ ದಿಕ್ಕು ಒಟ್ಟಿಗೆ ಸಿಗುವುದು ಅದರ ಪಟ್ಟಿಯಲ್ಲೇ.

ಗಾಳಿಯ ದಿಕ್ಕಿಗೆ ಇಷ್ಟು ಬೆಲೆ ಏಕೆ ಎಂಬುದು ಘಟ್ಟ ಇಳಿದವರಿಗೆ ಅರ್ಥವಾಗುತ್ತದೆ. ಒಣ ಗಾಳಿ ನೂರು ಮೀಟರ್ ಕೆಳಗಿಳಿದರೆ ಹೆಚ್ಚುಕಡಿಮೆ 1 ಡಿಗ್ರಿ ಬಿಸಿಯಾಗುತ್ತದೆ. 800 ಮೀಟರ್ ಎತ್ತರದ ಘಟ್ಟದ ತಲೆಯಲ್ಲಿ 30 ಡಿಗ್ರಿ ಇರುವ ಗಾಳಿ ಮೂಡಣದಿಂದ ಇಳಿದು ಕಡಲ ಮಟ್ಟ ಮುಟ್ಟುವಾಗ 37–38 ಆಗಿರುತ್ತದೆ, ಬಿಸಿಲಿನ ಲೆಕ್ಕ ಬೇರೆ. ಇದಕ್ಕೆ ತಡೆ ಒಡ್ಡುವುದು ಕಡಲ ಗಾಳಿ ಒಂದೇ. ಅದು ಹನ್ನೊಂದು ಗಂಟೆಯೊಳಗೆ ದಡ ಹತ್ತಿದರೆ ತಾಪಮಾನ 33–34ರಲ್ಲಿ ನಿಲ್ಲುತ್ತದೆ. ಮೂಡಣ ಗಾಳಿ ಬಲವಾಗಿದ್ದು ಕಡಲ ಗಾಳಿಯನ್ನು ಮಧ್ಯಾಹ್ನ ಎರಡರವರೆಗೆ ಹೊರಗೇ ತಡೆದರೆ 38 ದಾಟಲು ಅಡ್ಡಿಯಿಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಈ ಜಗ್ಗಾಟ ಜೋರು. ಏಪ್ರಿಲ್‌, ಮೇ ತಿಂಗಳಲ್ಲಿ ಕಡಲ ಗಾಳಿ ಬೇಗ ಬರುತ್ತದೆ, ಮೋಡವೂ ಸೇರುತ್ತದೆ. ಆಗ ಬೆವರು ಹೆಚ್ಚು, ಆದರೆ ತಾಪಮಾಪಕ ಅಷ್ಟು ಏರುವುದಿಲ್ಲ. ಬೆಳಗ್ಗೆ ಹಿತವಾದ ಚಳಿ, ತುಟಿ ಒಡೆಯುವಷ್ಟು ಒಣ ಹವೆ, ಹತ್ತು ಗಂಟೆಗೆ ಏಕಾಏಕಿ ಉರಿ ಎಂದರೆ ಮೂಡಣ ಗಾಳಿಯ ದಿನ. ಸರ್ಕಾರಿ ಕನ್ನಡದಲ್ಲಿ ‘ಉಷ್ಣ ಅಲೆ’ ಎಂದೂ ಬರೆಯುತ್ತಾರೆ. ಇಲ್ಲಿ ನಡೆಯುವುದಕ್ಕೆ ‘ಬಿಸಿಗಾಳಿ’ ಎಂಬ ಮಾತೇ ಸರಿಯಾಗಿ ಒಪ್ಪುತ್ತದೆ.

ಹಾಗಾಗಿ ಪಟ್ಟಿ ಓದುವ ಕ್ರಮ ಹೀಗಿರಲಿ. ಮೊದಲು ಗಾಳಿಯ ದಿಕ್ಕು. ಅದನ್ನು ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ: 90 ಎಂದರೆ ಮೂಡಣದಿಂದ ಬೀಸುವುದು, 270 ಎಂದರೆ ಪಡುವಣದಿಂದ. 40ರಿಂದ 110ರೊಳಗಿನ ಸಂಖ್ಯೆ ಸತತ ಎರಡು ಮೂರು ದಿನ ಕಂಡರೆ ಎಚ್ಚರವಾಗಬೇಕು. ಎರಡನೆಯದು ಮಧ್ಯಾಹ್ನದ ಆರ್ದ್ರತೆ. ಅದು ಶೇ 40ಕ್ಕಿಂತ ಕೆಳಗಿದ್ದರೆ ಕಡಲ ಗಾಳಿ ತಡವಾಗುತ್ತದೆಂದು ಮುನ್ಸೂಚನೆಯೇ ಒಪ್ಪಿಕೊಂಡಂತೆ. 55–60 ಇದ್ದರೆ ಸಮಯಕ್ಕೆ ಬರುತ್ತದೆ. ಗರಿಷ್ಠ ತಾಪಮಾನವನ್ನು ನೋಡುವುದು ಆಮೇಲೆ. ಮೂರೂ ಒಂದಕ್ಕೊಂದು ಹೊಂದದಿದ್ದರೆ, ಅಂದರೆ ಗಾಳಿ ಮೂಡಣ, ಆರ್ದ್ರತೆ 30, ತಾಪಮಾನ ಮಾತ್ರ 34 ಎಂದಿದ್ದರೆ, ತಾಪಮಾನದ ಸಂಖ್ಯೆಯನ್ನೇ ಅನುಮಾನಿಸಿ. ಅಂಥ ದಿನ ಅದಕ್ಕೆ ಎರಡು ಡಿಗ್ರಿ ಕೂಡಿಸಿಕೊಂಡು ಕೆಲಸದ ಹೊತ್ತು ಗೊತ್ತು ಮಾಡುವುದು ಕ್ಷೇಮ.

ಇಲ್ಲಿ ಸೇವೆಯ ದೊಡ್ಡ ಕೊರತೆಯೂ ಕಾಣುತ್ತದೆ. ಇಡೀ ದಿನಕ್ಕೆ ಗಾಳಿಯ ಒಂದೇ ದಿಕ್ಕು ಕೊಡುತ್ತಾರೆ. ಕರಾವಳಿಯ ಗಾಳಿ ಬೆಳಗ್ಗೆ ಒಂದು ಕಡೆಯಿಂದ, ಮಧ್ಯಾಹ್ನ ಇನ್ನೊಂದು ಕಡೆಯಿಂದ ಬರುವಂಥದ್ದು. ಬೇಕಾದ ಮಾಹಿತಿ ‘ಕಡಲ ಗಾಳಿ ಎಷ್ಟು ಗಂಟೆಗೆ’ ಎಂಬುದು. ಅದು ಯಾವ ಬುಲೆಟಿನ್‌ನಲ್ಲೂ ಇಲ್ಲ. ಬೆಳಗ್ಗೆ ಹತ್ತರ ನಂತರ ಗಂಟೆಗೆ ಒಂದೆರಡು ಡಿಗ್ರಿ ಏರುವಾಗ ಗಾಳಿ ಎರಡು ಗಂಟೆ ತಡವಾದರೆ ಮುನ್ಸೂಚನೆ ಎರಡರಿಂದ ನಾಲ್ಕು ಡಿಗ್ರಿ ತಪ್ಪುತ್ತದೆ. ಮುನ್ಸೂಚನೆಯ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೂ ಇದು ಕಷ್ಟದ ಜಾಗ. ಅದು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಇಲಾಖೆಯ ಜಾಗತಿಕ ಮಾದರಿಯ ಚೌಕ ಮೊದಲು 12 ಕಿಲೋಮೀಟರ್ ಇತ್ತು. ಕಡಲಿನಿಂದ ಘಟ್ಟದ ಬುಡದವರೆಗಿನ ನಮ್ಮ ಇಕ್ಕಟ್ಟಾದ ಪಟ್ಟಿಯಲ್ಲಿ ಅಂಥ ನಾಲ್ಕೈದು ಚೌಕ ಹಿಡಿದರೆ ಹೆಚ್ಚು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಇದನ್ನು 6 ಕಿಲೋಮೀಟರಿಗೆ ಇಳಿಸಿದೆ. ನಮ್ಮಂಥ ಭೂಮಿಗೆ ಇದು ನಿಜವಾಗಿಯೂ ಬೇಕಿದ್ದ ಸುಧಾರಣೆ.

ಕೊರತೆ ತುಂಬಿಕೊಳ್ಳಲು ಒಂದು ದಾರಿಯಿದೆ. ಮಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿ, ಪೈಲಟ್‌ಗಳಿಗೆಂದು ಕೊಡುವ ‘ಮೆಟಾರ್’, ಅರ್ಧ ಗಂಟೆಗೊಮ್ಮೆ ಹೊಸದಾಗುತ್ತದೆ. ನಿಲ್ದಾಣದ ಸಂಕೇತ ವಿಒಎಂಎಲ್. ಅದರಲ್ಲಿನ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಗಾಳಿಯನ್ನು ಹೇಳುವ ಅಂಕಿಗಳ ಗುಂಪಿನಲ್ಲಿ ಮೊದಲ ಮೂರು ಅಂಕಿ ದಿಕ್ಕು, ನಂತರದ್ದು ನಾಟ್ ಎಂಬ ಅಳತೆಯಲ್ಲಿ ವೇಗ. ಓರೆಗೆರೆಯ ಆಚೀಚೆ ಇರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ತಾಪಮಾನ, ಎರಡನೆಯದು ಇಬ್ಬನಿ ಬಿಂದು; ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಅದು ಏರುತ್ತದೆ. ‘36/14’ ಎಂದಿದ್ದರೆ ಮೂಡಣ ಗಾಳಿ ಇನ್ನೂ ಕೂತಿದೆ. ಎರಡನೆಯ ಸಂಖ್ಯೆ ಸರಕ್ಕನೆ 22, 23ಕ್ಕೆ ಹಾರಿ ದಿಕ್ಕು 240–290ಕ್ಕೆ ತಿರುಗಿದರೆ ಕಡಲ ಗಾಳಿ ನಿಲ್ದಾಣವಿರುವ ಬಜಪೆಯ ಗುಡ್ಡ ಹತ್ತಿತು ಎಂದರ್ಥ. ಪುತ್ತೂರು, ಬೆಳ್ತಂಗಡಿಯ ಕಡೆಗೆ ಅದು ತಲುಪುವುದು ಇನ್ನೂ ತಡವಾಗಿ, ಕೆಲವು ದಿನ ತಲುಪುವುದೇ ಇಲ್ಲ.

ಬಣ್ಣದ ಎಚ್ಚರಿಕೆಗಳ ವಿಷಯದಲ್ಲಿ ನಿಯಮ ತಿಳಿದಿರಬೇಕು. ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ, ಗುಡ್ಡಗಾಡಿಗೆ 30, ಕರಾವಳಿಗೆ 37 ಎಂಬ ಗೆರೆಗಳಿವೆ. ಕರಾವಳಿಯಲ್ಲಿ 37 ಮುಟ್ಟಿದರೂ ಸಾಲದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ವಾಡಿಕೆ 33 ಇರುವಲ್ಲಿ 37.5 ಆದಾಗ ಮಾತ್ರ ಲೆಕ್ಕಕ್ಕೆ. ಅದೂ ಹವಾಮಾನ ಉಪವಿಭಾಗದ (ಕರಾವಳಿ ಕರ್ನಾಟಕ ಅಂಥದ್ದೊಂದು) ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ದಾಖಲಾಗಿ, ಎರಡನೇ ದಿನ ಘೋಷಣೆಯಾಗುತ್ತದೆ. ಆದ್ದರಿಂದ ‘ಬಿಸಿಗಾಳಿ ಬೀಸಿದೆ’ ಎಂಬ ಘೋಷಣೆಗೆ ಕಾಯುತ್ತ ಕೂರುವುದು ತಪ್ಪು. ಮುಂಚಿತವಾಗಿ ಬರುವ ಹಳದಿ ಎಚ್ಚರಿಕೆ ಕಂಡಾಗಲೇ ತಯಾರಾಗಬೇಕು. ಬೆಂಗಳೂರಿನವರಿಗೂ ಇದು ಅನ್ವಯ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾದಾಗಲೂ 40ರ ಗೆರೆ ದಾಟಿರಲಿಲ್ಲ.

ಇನ್ನೊಂದು ಕೊರತೆ ಒಳನಾಡಿನದು. ದಿನದ ವರದಿಯಲ್ಲಿ ಕರಾವಳಿಯ ಹೆಸರಾಗಿ ಮುಖ್ಯವಾಗಿ ಕಾಣುವುದು ಕಾರವಾರ, ಹೊನ್ನಾವರ, ಶಿರಾಲಿ, ಪಣಂಬೂರು ಮತ್ತು ಮಂಗಳೂರು ವಿಮಾನ ನಿಲ್ದಾಣ. ಪಣಂಬೂರು ಬಂದರಿನ ಪಕ್ಕದ ಜಾಗ. ಅಲ್ಲಿನ ಸಂಖ್ಯೆ ನೋಡಿ ಸುಳ್ಯದವರು ಸಮಾಧಾನಪಟ್ಟುಕೊಂಡರೆ ಮೋಸಹೋಗುತ್ತಾರೆ. ಒಳಗಿನವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಅಂಕಿಗಳನ್ನು ನೋಡಬೇಕು. 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾದ ಈ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಹೋಬಳಿಯ ಹೆಸರು ಹೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಇಲಾಖೆಯ ಮತ್ತು ಈ ಕೇಂದ್ರದ ಸಂಖ್ಯೆಗಳು ಬೇರೆ ಬೇರೆ ಬರುವುದುಂಟು. ಉಪಕರಣವೂ ಜಾಗವೂ ಬೇರೆ; ಬಿಸಿಗಾಳಿಯ ಘೋಷಣೆಗೆ ಇಲಾಖೆ ತನ್ನ ವೀಕ್ಷಣಾಲಯಗಳನ್ನೇ ಆಧರಿಸುತ್ತದೆ. ಫೋನ್ ಜೊತೆಗೇ ಬರುವ ಹವಾಮಾನ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅರ್ಧ ಕಡಲು, ಅರ್ಧ ನೆಲ ಇರುವ ಚೌಕದ ತಾಪಮಾನವನ್ನು ಊರಿನ ಹೆಸರಲ್ಲಿ ತೋರಿಸುವ ಸಾಧ್ಯತೆ ಇರುವುದರಿಂದ ಮೂಡಣ ಗಾಳಿಯ ದಿನ ಅವನ್ನು ನೆಚ್ಚಬಾರದು.

ತಾಪಮಾನ ಇಳಿದರೆ ಅಪಾಯ ಇಳಿಯಿತು ಎಂಬ ಎಣಿಕೆಯೂ ಇಲ್ಲಿ ಸುಳ್ಳಾಗುತ್ತದೆ. ಮೈಗೆ ತಾಗುವ ಬಿಸಿಯನ್ನು ಅಳೆಯುವ ಸೂಚ್ಯಂಕದ ಪ್ರಕಾರ 38 ಡಿಗ್ರಿ, ಶೇ 25 ಆರ್ದ್ರತೆ ಇದ್ದರೆ ಅನುಭವವೂ 38ರಷ್ಟೇ. 32 ಡಿಗ್ರಿ, ಶೇ 70 ಆರ್ದ್ರತೆ ಇದ್ದರೆ ಅನುಭವ 40 ದಾಟುತ್ತದೆ. ಬಿಸಿಗಾಳಿ ನಿಂತು ಕಡಲ ಗಾಳಿ ಮರಳಿದ ದಿನ ಎಚ್ಚರಿಕೆಯ ಬಣ್ಣ ಹಸಿರಾಗಬಹುದು, ಕಾಂಕ್ರೀಟ್ ಹಾಕುವವರ, ಹಮಾಲರ ಮೈಗೆ ಬಿಡುವು ಸಿಕ್ಕಿರುವುದಿಲ್ಲ. ಬೆವರು ಆರದೆ ಮೈ ಕಾಯುವ ದಿನಗಳು ಅವು. ಇಲಾಖೆ ‘ಬಿಸಿ ಮತ್ತು ಆರ್ದ್ರ ಹವೆ’ ಎಂಬ ಪ್ರತ್ಯೇಕ ಎಚ್ಚರಿಕೆ ಕೊಡುತ್ತದೆ. ಕರಾವಳಿಯವರು ಅದನ್ನು ಬಿಸಿಗಾಳಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ‘12ರಿಂದ 3ರವರೆಗೆ ಹೊರಗೆ ಬರಬೇಡಿ’ ಎಂಬ ಸಲಹೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಕಡಲ ಗಾಳಿ ಬೇಗ ಬರುವ ದಿನ ತಾಪಮಾನ ಹನ್ನೊಂದೂವರೆ ಹನ್ನೆರಡಕ್ಕೇ ಶಿಖರ ಮುಟ್ಟುತ್ತದೆ. ಮೂಡಣ ಗಾಳಿಯ ದಿನ ಒಂದೂವರೆಯಿಂದ ಎರಡೂವರೆ ಕೆಟ್ಟ ಹೊತ್ತು.

ಅಡಿಕೆ ತೋಟಕ್ಕೆ ಬಂದರೆ ಮುನ್ಸೂಚನೆಯ ಬೆಲೆ ನೇರವಾಗಿ ಕಾಣುತ್ತದೆ. ಶಿಫಾರಸಿನ ಪ್ರಕಾರ ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ನೀರು. ಹನಿ ನೀರಾವರಿ ಇದ್ದರೆ ದಿನಕ್ಕೆ 16ರಿಂದ 20 ಲೀಟರ್. ಫೆಬ್ರವರಿ ಕೊನೆಗೇ ಮೂಡಣ ಗಾಳಿ ಸತತ ಮೂರು ದಿನ ಎಂದು ಪಟ್ಟಿ ಹೇಳಿದರೆ ಕ್ಯಾಲೆಂಡರ್ ಬಿಟ್ಟು ಆಗಲೇ ಮಾರ್ಚ್ ಲೆಕ್ಕಕ್ಕೆ ಹೋಗಬೇಕು. ಹನಿಯವರು 20ರ ಕಡೆಗೆ. ನೀರು ಕೊಡಬೇಕಾದದ್ದು ಗಾಳಿ ಬೀಸುವ ಮುನ್ನ, ಬುಡದ ಮಣ್ಣು ಬಿರಿದ ಮೇಲಲ್ಲ. ತಡವಾದರೆ ಹಿಂಗಾರ (ಹೂಗೊಂಚಲು) ಒಣಗುತ್ತದೆ, ನಳ್ಳಿ ಎಂಬ ಎಳೆ ಕಾಯಿ ಉದುರುತ್ತದೆ, ಆಮೇಲೆ ಎಷ್ಟು ನೀರು ಹೊಯ್ದರೂ ಉದುರಿದ್ದು ಮರಳುವುದಿಲ್ಲ. ಸ್ಪ್ರಿಂಕ್ಲರ್ ಹಗಲು ಬಿಟ್ಟರೆ ಒಣ ಗಾಳಿಯೇ ನೀರಿನ ಪಾಲು ತಿನ್ನುತ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಅಥವಾ ನಸುಕಿನಲ್ಲಿ ಸಿಕ್ಕರೆ ಆಗಲೇ ಬಿಡುವುದು ಒಳ್ಳೆಯದು. ಬುಡಕ್ಕೆ ಸೊಪ್ಪು, ಸೋಗೆಯ ಮುಚ್ಚಿಗೆ ಮಾಡಿ, ಪಡುವಣ–ತೆಂಕಣ ಅಂಚಿನ ಎಳೆ ಮರಗಳ ಕಾಂಡಕ್ಕೆ ಸುಣ್ಣ ಬಳಿಯಿರಿ ಅಥವಾ ಸೋಗೆ ಕಟ್ಟಿ.

ಇದೇ ಒಣ ದಿನಗಳು ಅಂಗಳದಲ್ಲಿ ಚಾಲಿ ಅಡಿಕೆ ಹರವಿದವರಿಗೆ, ಹಪ್ಪಳ ಒಣಗಿಸುವವರಿಗೆ ವರ. ಮಧ್ಯಾಹ್ನದ ಆರ್ದ್ರತೆ ಕಡಿಮೆ ಇರುವ ದಿನಗಳನ್ನು ಪಟ್ಟಿಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ತರಗೆಲೆಗೆ ಬೆಂಕಿ ಹಾಕುವುದನ್ನು ಮಾತ್ರ ಆ ದಿನಗಳಲ್ಲಿ ಪೂರ್ತಿ ನಿಲ್ಲಿಸಬೇಕು. ಮೂಡಣ ಗಾಳಿಗೆ ಸಿಕ್ಕ ಕಿಡಿ ಗುಡ್ಡದ ಮುಳಿಹುಲ್ಲಿಗೆ ದಾಟಲು ಹೊತ್ತು ಬೇಡ.

ಮೂರನೇ ದಿನದಾಚೆಯ ಸಂಖ್ಯೆಗಳಿಂದ ಏನನ್ನೂ ನಿರ್ಧರಿಸಬೇಡಿ. ಮಂಗಳವಾರದ ಬುಲೆಟಿನ್‌ನಲ್ಲಿ ಶನಿವಾರಕ್ಕೆ ಹೇಳಿದ್ದನ್ನು ಶುಕ್ರವಾರದ ಬುಲೆಟಿನ್ ಬಂದ ಮೇಲೆ ಮತ್ತೆ ನೋಡಿ. ಬೆಳೆ ಸಲಹೆಯ ಭಾಗವನ್ನೂ ಸುಧಾರಿಸಬೇಕು. ಮೂಡಣ ಗಾಳಿಯ ವಾರಕ್ಕೂ ಕಡಲ ಗಾಳಿಯ ವಾರಕ್ಕೂ ‘ನೀರಾವರಿ ಒದಗಿಸಿ, ಹೊದಿಕೆ ಹಾಕಿ’ ಎಂಬ ಅದೇ ವಾಕ್ಯಗಳು ಬಂದರೆ ಓದುವವರು ಮೂರನೇ ವಾರಕ್ಕೆ ಓದುವುದನ್ನೇ ಬಿಡುತ್ತಾರೆ. ಎಷ್ಟು ಲೀಟರ್, ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಎಂದು ಬರೆಯಬೇಕು. ಅದರ ಪಕ್ಕದಲ್ಲೇ ಬೆಳಗಿನ ಗಾಳಿ ಎಂದೂ ಮಧ್ಯಾಹ್ನದ ಗಾಳಿ ಎಂದೂ ಎರಡು ಸಾಲು ಕೊಟ್ಟರೆ ಉಳಿದ ಒಂದೂವರೆ ಅಂಕದಲ್ಲಿ ಒಂದನ್ನು ಸಂತೋಷದಿಂದ ಕೊಡಬಹುದು.