ಖಾಲಿ ಪಿಕಪ್‌ನ ಕುಣಿತಕ್ಕೆ ಯಾವುದು ಮದ್ದು: ಟೈರ್ ಗಾಳಿಯೋ, ಶಾಕ್ ಅಬ್ಸಾರ್ಬರೋ, ಏರ್‌ಬ್ಯಾಗೋ?

ಒಂದೂವರೆ ಟನ್ ಹೊರುವ ಪಿಕಪ್‌ಗೆ ಭತ್ತದ ಚೀಲ ಹೇರಿಕೊಂಡು ಸಿರುಗುಪ್ಪದಿಂದ ಸಿಂಧನೂರಿಗೆ ಹೊರಟರೆ ಸೊಂಟಕ್ಕೆ ಅಷ್ಟೇನೂ ತೊಂದರೆಯಿಲ್ಲ. ಸರಕು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗಲೇ ಬೆನ್ನುಹುರಿ ಲೆಕ್ಕ ಕೇಳುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಮಾಡಿರುವುದೇ ಪೂರ್ತಿ ಹೇರಿಗಾಗಿ. ಅವುಗಳ ಮೇಲಿನ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಅದೇ ಪಟ್ಟಿ ಎರಡು ಪಟ್ಟು ಬೇಗ ಬೇಗ ಕುಣಿಯುತ್ತದೆ. ಈ ಕುಣಿತಕ್ಕೆ ನಮ್ಮ ಕಡೆ ಹೇಳುವ ಮದ್ದುಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ನನ್ನ ಗಾಡಿಗೇ ಹಾಕಿ ನೋಡಿದ್ದೇನೆ.

ಮೊದಲು ರಸ್ತೆಯ ಮಾತು. ಬಳ್ಳಾರಿಯಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟುವ 150ಎ ಹೆದ್ದಾರಿಯ ಬಹುಪಾಲು ಎರೆ ಭೂಮಿಯ ಮೇಲಿದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರು ತಗ್ಗು ಬೀಳದೆಯೂ ಅಲೆಯಲೆಯಾಗುತ್ತದೆ. ತೋರಣಗಲ್ಲು, ಸಂಡೂರು ಕಡೆಯದು ಬೇರೆಯೇ ಕಥೆ. ಅದಿರು ಲಾರಿಗಳು ಓಡಾಡಿದ ರಸ್ತೆಯಲ್ಲಿ ಚೂಪು ಅಂಚಿನ ತಗ್ಗುಗಳು, ಕಿತ್ತುಹೋದ ತೇಪೆಗಳು. ಅಲೆಗೆ ಹಿಡಿಸುವ ಮದ್ದು ತಗ್ಗಿಗೆ ಹಿಡಿಸುವುದಿಲ್ಲ. ಇದನ್ನು ಕೇಳದೆ ಯಾವ ಅಂಗಡಿಯವರು ಏನನ್ನು ಶಿಫಾರಸು ಮಾಡಿದರೂ ನಾನು ಒಪ್ಪುವುದಿಲ್ಲ.

ಚೂಪು ತಗ್ಗುಗಳಿಗೆ ಟೈರ್ ಗಾಳಿಯನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ತಗ್ಗಿನ ಅಂಚು ಮೊದಲು ಬಡಿಯುವುದು ಟೈರಿಗೆ. ಅದು ಕಲ್ಲಿನಂತೆ ಬಿಗಿದಿದ್ದರೆ ಮೇಲಿರುವ ಯಾವ ಬಿಡಿಭಾಗವೂ ಆ ಏಟನ್ನು ಪೂರ್ತಿ ನುಂಗಲಾರದು. ನನ್ನ ಗಾಡಿಯ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಹಿಂದಿನ ಚಕ್ರಗಳಿಗೆ ಹೇರಿದ್ದಾಗ ಒಂದು ಅಂಕಿ, ಖಾಲಿಯಿದ್ದಾಗ ಇನ್ನೊಂದು ಅಂಕಿ ಇದೆ. ನಮ್ಮಲ್ಲಿ ಬಹಳ ಚಾಲಕರು ವರ್ಷವಿಡೀ ಹೇರಿನ ಅಂಕಿಯಲ್ಲೇ ಓಡಿಸುತ್ತಾರೆ. ಖಾಲಿ ಅಂಕಿಗೆ ಇಳಿಸಿದ ದಿನವೇ ವ್ಯತ್ಯಾಸ ತಿಳಿಯಿತು, ಅದೂ ಬಿಡಿಗಾಸು ಖರ್ಚಿಲ್ಲದೆ. ಆದರೆ ಚೀಟಿಗಿಂತ ಕೆಳಗೆ ಇಳಿಸಬಾರದು: ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಅದು ಸಿಡಿಯಲು ಹೆಚ್ಚು ಹೊತ್ತು ಬೇಡ. ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. 25 ಡಿಗ್ರಿಯಲ್ಲಿ 50 ಪಿಎಸ್‌ಐ ಇದ್ದದ್ದು 45 ಡಿಗ್ರಿಗೆ ಕಾದಾಗ ಸುಮಾರು 54 ತೋರಿಸುತ್ತದೆ. ಅದನ್ನು ಕಂಡು ಮಧ್ಯಾಹ್ನ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಬೀಳುತ್ತದೆ. ಇದರ ತೊಡಕು ಒಂದೇ: ಮತ್ತೆ ಹೇರುವ ಮೊದಲು ಗಾಳಿ ತುಂಬಿಸಲೇಬೇಕು. ಅದಕ್ಕಾಗಿ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇಟ್ಟಿದ್ದೇನೆ.

ಮಸ್ಕಿ ದಾರಿಯ ಅಲೆಗಳಿಗೆ ಮಾತ್ರ ಗಾಳಿ ಇಳಿಸಿ ಪ್ರಯೋಜನವಾಗಲಿಲ್ಲ. ಅಲ್ಲಿ ಗೆದ್ದದ್ದು ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್. ಬರೀ ಎಣ್ಣೆಯ ಶಾಕ್ ಬಹಳ ಹೊತ್ತು ಮೇಲೆ ಕೆಳಗೆ ಆಡಿದರೆ ಎಣ್ಣೆಯಲ್ಲಿ ನೊರೆ ಎದ್ದು ಹಿಡಿತ ಸಡಿಲುತ್ತದೆ. ನೈಟ್ರೋಜನ್ ಒತ್ತಡವಿದ್ದರೆ ನೊರೆ ಏಳುವುದು ಕಡಿಮೆ. ಹಳೆಯ ಶಾಕ್‌ನಲ್ಲಿ ಒಂದು ಅಲೆ ದಾಟಿದ ಮೇಲೂ ಹಿಂಬದಿ ತೂಗುತ್ತಲೇ ಇರುತ್ತಿತ್ತು, ಹೊಸದರಲ್ಲಿ ಒಮ್ಮೆ ಎದ್ದು ಕೂರುತ್ತದೆ. ಸಂಡೂರು ಕಡೆಯ ಚೂಪು ತಗ್ಗುಗಳಲ್ಲಿ ಮಾತ್ರ ಮೊದಲಿಗಿಂತ ತುಸು ಗಡಸೇ ಅನ್ನಿಸಿತು. ಬೆಲೆಯೂ ಹೆಚ್ಚು. ಆದರೂ ಹಣ ಹಾಕುವುದಾದರೆ ನನ್ನ ಮತ ಇದಕ್ಕೇ.

ಏರ್‌ಬ್ಯಾಗ್ ಬಗ್ಗೆ ಎಲ್ಲರಿಗೂ ಆಸೆ ಹೆಚ್ಚು. ಆಕ್ಸಲ್ಲಿಗೂ ಚಾಸಿಗೂ ನಡುವೆ ಕೂರುವ ಈ ರಬ್ಬರ್ ಚೀಲ ಪಟ್ಟಿಯನ್ನು ತೆಗೆಯುವುದಿಲ್ಲ, ಪಟ್ಟಿಗೆ ತನ್ನ ಬಲವನ್ನೂ ಸೇರಿಸುತ್ತದೆ. ಹಾಗಾಗಿ ಹೇರಿದಾಗ ಗಾಡಿಯ ಹಿಂಬದಿ ಕುಸಿಯುವುದಿಲ್ಲ, ತಿರುವಿನಲ್ಲಿ ವಾಲುವುದು ಕಡಿಮೆ, ಹೆಡ್‌ಲೈಟ್ ಆಕಾಶ ನೋಡುವುದಿಲ್ಲ. ಖಾಲಿ ಗಾಡಿಗೆ ಮಾತ್ರ ಅದರಿಂದ ಮೆತ್ತಗಾಗುವುದೇ ಇಲ್ಲ. ಗಾಳಿ ಹೆಚ್ಚಿದ್ದರೆ ಇನ್ನಷ್ಟು ಎತ್ತಿ ಹಾಕುತ್ತದೆ. ದಿನವೂ ತುಂಬು ಹೇರು ಇರುವವರಿಗೆ ಒಳ್ಳೆಯದು, ನನ್ನಂಥವರಿಗಲ್ಲ.

ಮರಳಿನ ಚೀಲಗಳನ್ನು ಹಿಂದಿನ ಆಕ್ಸಲ್ಲಿನ ಮೇಲೆ ಸರಿಯಾಗಿ ಇಟ್ಟು ಹಗ್ಗ ಬಿಗಿಯುವ ಹಳೆಯ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಡೀಸೆಲ್ ಸ್ವಲ್ಪ ಹೆಚ್ಚು ಹೋಗುತ್ತದೆ, ಹೇರುವಾಗ ಇಳಿಸಬೇಕು, ಅಷ್ಟೇ.

ಗಾಡಿ ಮೆತ್ತಗಾಗಲೆಂದು ಸ್ಪ್ರಿಂಗಿನ ಒಂದು ಪಟ್ಟಿ ತೆಗೆಸುವುದನ್ನು ಮಾತ್ರ ನಾನು ಮಾಡಿಸಲಿಲ್ಲ. ಕೇಳಲು ಹೋದಾಗ ಪಟ್ಟಿ ಕೆಲಸದ ಮಿಸ್ತ್ರಿಯೇ ತಡೆದರು: “ಅಣ್ಣಾ, ಇದರ ಪಾಲಿನ ಭಾರವನ್ನೂ ಉಳಿದವೇ ಹೊರಬೇಕು. ಹೇರಿದ ದಿನ ದಾರಿಯಲ್ಲಿ ಮುರಿದರೆ ಯಾರನ್ನು ಕರೆಯುತ್ತೀರಿ?” ಅದರ ಬದಲು ಅವರು ಪಟ್ಟಿಗಳನ್ನು ಬಿಚ್ಚಿ, ನಡುವಿನ ತುಕ್ಕು ಉಜ್ಜಿ, ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯಾದ ಶಾಕಲ್‌ನ ಸವೆದ ಬುಷ್‌ಗಳನ್ನು (ಪಿನ್ ಕೂರುವ ಒಳಬಳೆಗಳನ್ನು) ಬದಲಿಸಿ, ಪಿನ್‌ಗಳಿಗೆ ಗ್ರೀಸ್ ಹೊಡೆದರು. ತುಕ್ಕು ಹಿಡಿದ ಪಟ್ಟಿಗಳು ಒಂದರ ಮೇಲೊಂದು ಜಾರದೆ ಸಣ್ಣ ಉಬ್ಬಿಗೂ ಕಬ್ಬಿಣದ ದಿಮ್ಮಿಯಂತೆ ನಿಲ್ಲುತ್ತವೆ. ಬಿಚ್ಚಿ ಕಟ್ಟಿದ ಮೇಲೆ ಊರೊಳಗಿನ ಚಿಕ್ಕ ಕುಲುಕಾಟ ಬಹಳ ಕಡಿಮೆಯಾಯಿತು. ಹಳೆಯ ಗಾಡಿಯಾದರೆ ಶಾಕ್ ಕೊಳ್ಳುವ ಮೊದಲೇ ಈ ಕೆಲಸ ಮಾಡಿಸಿ. ಬುಷ್ ಸವೆದಿರುವಾಗ ಹೊಸ ಶಾಕ್ ಹಾಕಿದರೂ ಕೆಳಗಿನ ಲೊಟಲೊಟ ಸದ್ದು ಹೋಗುವುದಿಲ್ಲ.